ರಾಬರ್ಟ್ ಹುಕ್

ಇಂಗ್ಲೆಂಡಿನ ದಕ್ಷಿಣ ತೀರಕ್ಕೆ ಸಮೀಪದಲ್ಲಿ ವೈಟ್ ಎಂಬ ದ್ವೀಪವಿದೆ. ಅಲ್ಲಿನ ಫ್ರೆಶ್‌ವಾಟರ್ ಗ್ರಾಮದ ಪಾದ್ರಿಯ ಮನೆಯಲ್ಲಿ 1635ರ ಜುಲೈ 18ರಂದು ರಾಬರ್ಟ್ ಹುಕ್ ಜನಿಸಿದನು. ಮಗು ಬಹು ದುರ್ಬಲವಾಗಿದ್ದಿತು. ಬೆಳೆದ ಮೇಲೂ ತಲೆನೋವಿನ ಬಾಧೆಯಿಂದ ಕ್ರಮವಾಗಿ ಓದಲಾಗದ ಹುಡುಗನನ್ನು ತಂದೆ ಅವನ ಪಾಡಿಗೆ ಬಿಟ್ಟನು. ಹಿತ್ತಾಳೆಯ ಗಡಿಯಾರವೊಂದನ್ನು ಬಿಚ್ಚುವುದನ್ನು ಕಂಡ ರಾಬರ್ಟನು ಅದರಂತೆಯೇ ಮರದ ಗಡಿಯಾರವನ್ನು ಮಾಡಿದನು; ಅದು ನಡೆಯಿತು! ಒಂದು ಗಜದಷ್ಟು ಉದ್ದದ ಆಟದ ಹಡಗನ್ನು ಕಟ್ಟಿ, ಅದು ತೇಲುತ್ತಿರುವಾಗಲೇ ಸಣ್ಣ ಫಿರಂಗಿಗಳು ಹಾರುವಂತೆ ಏರ್ಪಡಿಸಿದನು.

1648ರಲ್ಲಿ ತಂದೆ ತೀರಿಕೊಂಡ ಮೇಲೆ ಹುಕ್ ಲಂಡನ್ನಿಗೆ ಬಂದನು. ಚಿತ್ರಕಾರನೊಬ್ಬನಲ್ಲಿ ಕೆಲವು ಕಾಲವಿದ್ದು, ಬಳಿಕ ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ಓದಿದನು. ಅಲ್ಲಿ ರಾಬರ್ಟ್ ಬಾಯ್ಲನಿಗೆ ಸಹಾಯಕನಾಗಿ ಗಾಳಿಯನ್ನು ಹೊರಸೆಳೆಯುವ ಪಂಪನ್ನು ರೂಪಿಸಿಕೊಟ್ಟನು. 1662ರಲ್ಲಿ ರಾಯಲ್ ಸೊಸೈಟಿಯು ಅವನನ್ನು ಪ್ರಯೋಗಗಳ ಮೇಲ್ವಿಚಾರಕನನ್ನಾಗಿ ನೇಮಿಸಿತು. ಸಭೆ ಸೇರಿದಾಗಲೆಲ್ಲ ವಿದ್ವಾಂಸರ ಮುಂದೆ ಹೊಸ ಪ್ರಯೋಗಗಳನ್ನು ನಡೆಸಿ ತೋರಿಸುವುದು ಅವನ ಕೆಲಸ. 1665ರಲ್ಲಿ ಪ್ರಕಟವಾದ ಅವನ 'ಮೈಕ್ರೊಗ್ರಾಫಿಯ' ಗ್ರಂಥವು ಸೂಕ್ಷ್ಮದರ್ಶಕದಡಿಯ ಲೋಕವನ್ನು ಜನರ ಕಣ್ಣಿಗೆ ತಂದಿತು. ಬಿರಡೆಯ ತೊಗಟೆಯಲ್ಲಿ ಕಂಡ ಪುಟ್ಟ ಗೂಡುಗಳಿಗೆ 'ಸೆಲ್' ಎಂಬ ಹೆಸರನ್ನು ಕೊಟ್ಟವನು ಅವನೇ. 1666ರಲ್ಲಿ ಲಂಡನ್ ನಗರವು ಬೆಂಕಿಗೆ ಆಹುತಿಯಾದಾಗ ನಿವೇಶನಗಳನ್ನು ಅಳೆದು ಗುರುತಿಸುವ ಹೊಣೆಯೂ ಅವನ ಪಾಲಿಗೆ ಬಂದಿತು.

ಇಷ್ಟೆಲ್ಲ ಕೆಲಸಗಳ ನಡುವೆ ಹುಟ್ಟಿದುದು ಒಂದು ಸಣ್ಣ ಕೀಲು. ಓರೆಯಾಗಿ ಸಂಧಿಸುವ ಎರಡು ದಂಡಗಳಲ್ಲಿ ಒಂದನ್ನು ತಿರುಗಿಸಿದರೆ ಇನ್ನೊಂದೂ ತಿರುಗಬೇಕು, ಇದು ಹೇಗೆ? ಪ್ರತಿಯೊಂದು ದಂಡದ ತುದಿಯಲ್ಲಿಯೂ ಒಂದು ಕವೆ. ನಡುವೆ ನಾಲ್ಕು ತೋಳುಗಳ ಶಿಲುಬೆಯಾಕಾರದ ತುಂಡು. ಎದುರುಬದುರಾದ ಎರಡು ತೋಳುಗಳನ್ನು ಒಂದು ಕವೆಯೂ ಉಳಿದೆರಡನ್ನು ಮತ್ತೊಂದು ಕವೆಯೂ ಹಿಡಿದುಕೊಳ್ಳುತ್ತವೆ. ಒಂದರೊಳಗೊಂದು ತೂಗುವ ಬಳೆಗಳ ಉಪಾಯ ಹಳೆಯದು. ಅದಕ್ಕೆ ಇಟಲಿಯ ಕಾರ್ಡಾನೊನ ಹೆಸರೂ ಅಂಟಿಕೊಂಡಿತ್ತು. ಆದರೆ ತಿರುಗುವ ಚಲನೆಯನ್ನು ಓರೆಯಲ್ಲಿ ಸಾಗಿಸುವ ಈ ಕೀಲಿನ ಗುಣದೋಷಗಳನ್ನು ಕೂಲಂಕಷವಾಗಿ ಬಲ್ಲವನು ಹುಕ್. 1674 ಮತ್ತು 1676ರ ಪುಸ್ತಕಗಳಲ್ಲಿ ಖಗೋಳ ವೀಕ್ಷಣೆಯ ಉಪಕರಣಗಳೊಂದಿಗೆ ಅದನ್ನು ವರ್ಣಿಸಿದನು.

ಕೀಲಿನಲ್ಲಿ ಒಂದು ದೋಷವಿತ್ತು. ಮೊದಲನೆಯ ದಂಡ ಸಮವೇಗದಲ್ಲಿ ತಿರುಗಿದರೂ ಎರಡನೆಯದು ಪ್ರತಿ ಸುತ್ತಿನಲ್ಲಿ ಎರಡು ಬಾರಿ ಮುಂದೋಡಿ, ಎರಡು ಬಾರಿ ಹಿಂದುಳಿಯುತ್ತದೆ. ಓರೆ 30 ಡಿಗ್ರಿಯಾಗಿದ್ದು ಮೊದಲನೆಯದರ ವೇಗ 100 ಆಗಿದ್ದರೆ, ಎರಡನೆಯದರ ವೇಗ 87ರಿಂದ 115ರವರೆಗೆ ಏರಿಳಿಯುತ್ತದೆ. ಬೇರೊಬ್ಬನಾಗಿದ್ದರೆ ಕೀಲನ್ನೇ ಬದಿಗಿಡುತ್ತಿದ್ದನೋ ಏನೋ. ಹುಕ್ ಅದರಲ್ಲಿ ನೆರಳು ಗಡಿಯಾರವನ್ನು ಕಂಡನು! ನೆಲಕ್ಕೆ ಸಮನಾಗಿಟ್ಟ ಫಲಕದ ಮೇಲೆ ಸೂರ್ಯನ ನೆರಳು ಸಹ ಇದೇ ಬಗೆಯ ಏರುಪೇರಿನಿಂದ ಸರಿಯುತ್ತದೆ. ಆದುದರಿಂದ ಗಡಿಯಾರಕ್ಕೆ ಈ ಕೀಲನ್ನು ತಕ್ಕ ಓರೆಯಲ್ಲಿ ಜೋಡಿಸಿದರೆ ಮುಳ್ಳು ನೆರಳಿನ ಜೊತೆಗೇ ನಡೆಯುವುದು.

ಈ ದೋಷವು ಇಂದು ಹವ್ಯಾಸಿಗಳನ್ನೂ ಕಾಡುತ್ತದೆ. ರೇಡಿಯೋ ಅಲೆಗಳ ಮೂಲಕ ದೂರದಿಂದ ನಡೆಸುವ ಆಟದ ಗಾಡಿಗಳನ್ನು ಬಿಡಿಭಾಗಗಳಿಂದ ಜೋಡಿಸುವವರು ಅನೇಕರಿದ್ದಾರೆ. ಬಂಡೆಗಳನ್ನೇರುವ ಇಂಥ ಗಾಡಿಯಲ್ಲಿ ಗೇರುಪೆಟ್ಟಿಗೆಯಿಂದ ಅಚ್ಚಿಗೆ ಶಕ್ತಿಯನ್ನು ಒಯ್ಯುವ ದಂಡದ ಎರಡು ತುದಿಗಳಲ್ಲಿಯೂ ಹುಕ್ಕನ ಕೀಲಿರುತ್ತದೆ. ದಂಡದ ಎರಡೂ ಕವೆಗಳು ಒಂದೇ ಸಮತಲದಲ್ಲಿದ್ದು, ಎರಡೂ ಕಡೆಯ ಓರೆ ಸಮನಾಗಿದ್ದರೆ ಮೊದಲ ಕೀಲಿನ ಏರುಪೇರನ್ನು ಎರಡನೆಯದು ಅಳಿಸಿಹಾಕುತ್ತದೆ. ಅವಸರದಲ್ಲಿ ಒಂದು ಕವೆಯನ್ನು ಕಾಲು ಸುತ್ತು ತಿರುಗಿಸಿ ಕೂಡಿಸಿದರೆ ಏರುಪೇರು ಇಮ್ಮಡಿಸಿ ಗಾಡಿ ನಡುಗತೊಡಗುತ್ತದೆ.

ಲೋಹದ ದೋಷಕ್ಕೆ ಉಪಯೋಗ ಕಂಡುಕೊಂಡ ಹುಕ್ಕನಿಗೆ ಮನುಷ್ಯರೊಡನೆ ಹೊಂದಿಕೊಳ್ಳುವುದು ಸಾಧ್ಯವಾಗಲಿಲ್ಲ. ಗಡಿಯಾರದ ಸ್ಪ್ರಿಂಗಿನ ವಿಷಯದಲ್ಲಿ ಹೈಗೆನ್ಸನೊಡನೆ ಜಗಳವಾಯಿತು. ದೂರದ ವರ್ಗಕ್ಕನುಗುಣವಾಗಿ ಗುರುತ್ವ ಕುಗ್ಗುವುದೆಂಬ ವಿಚಾರವನ್ನು ತಾನು ನ್ಯೂಟನ್ನನಿಗೆ ಮೊದಲೇ ಬರೆದಿದ್ದೆನೆಂದು ಅವನು ದೂರಿದನು. ಬರೆದಿದ್ದುದು ನಿಜ, ಆದರೆ ಅದನ್ನು ಗಣಿತದಿಂದ ಸಾಧಿಸಿ ತೋರಿಸಿದವನು ನ್ಯೂಟನ್. ನ್ಯೂಟನ್ನನ ಮನಸ್ಸು ಮುರಿಯಿತು, ಮತ್ತೆ ಕೂಡಲಿಲ್ಲ.

ಕೊನೆಯ ವರ್ಷಗಳಲ್ಲಿ ದೃಷ್ಟಿ ಮಂದವಾಗಿ, ಕಾಲುಗಳು ಊದಿಕೊಂಡು, 1703ರ ಮಾರ್ಚ್ 3ರಂದು ಗ್ರೆಷಮ್ ಕಾಲೇಜಿನ ತನ್ನ ಕೋಣೆಯಲ್ಲಿ ಹುಕ್ ತೀರಿಕೊಂಡನು. ಬಡವನಂತೆ ಬಾಳಿದವನ ಪೆಟ್ಟಿಗೆಯಲ್ಲಿ ಸಾವಿರಾರು ಪೌಂಡುಗಳಿದ್ದವು. ಅದೇ ವರ್ಷ ನ್ಯೂಟನ್ ರಾಯಲ್ ಸೊಸೈಟಿಯ ಅಧ್ಯಕ್ಷನಾದನು. ಹುಕ್ಕನದೆಂದು ಎಲ್ಲರೂ ಒಪ್ಪುವ ಒಂದು ಭಾವಚಿತ್ರವೂ ಉಳಿದಿಲ್ಲ. ಅದನ್ನು ನ್ಯೂಟನ್ನನೇ ನಾಶಮಾಡಿಸಿದನೆಂಬ ಮಾತಿಗೆ ಆಧಾರವಿಲ್ಲ. ಇಂಗ್ಲೆಂಡಿನಲ್ಲಿ ಅವನ ಕೀಲಿಗೆ ಅವನ ಹೆಸರಿದೆ. ಯೂರೋಪಿನ ಇತರ ದೇಶಗಳಲ್ಲಿ ಅದು ಕಾರ್ಡಾನೊನದು. ಲಾರಿಯ ಅಡಿಯಲ್ಲಿ ಮಲಗಿ ಅದನ್ನು ಬದಲಾಯಿಸುವ ನಮ್ಮ ಮೆಕ್ಯಾನಿಕ್ಕುಗಳು ಅದನ್ನು ಬರಿಯ 'ಕ್ರಾಸ್' ಎನ್ನುತ್ತಾರೆ.