ಶಬ್ದಕ್ಕೆ ಮರಳು ರಂಗೋಲಿಯಾಗುವುದು ಪವಾಡವೇ? ಉತ್ತರ ಕ್ಲಾಡ್ನಿ ಅವರ ಬದುಕಿನಲ್ಲಿದೆ

ತಟ್ಟೆಯ ಮೇಲಿನ ಮರಳು ಶಬ್ದಕ್ಕೆ ತಾನಾಗಿಯೇ ರಂಗೋಲಿಯಂತೆ ಜೋಡಣೆಯಾಗುವ ವಿಡಿಯೊ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಬರೀ ಶಬ್ದ ಕೇಳಿದರೆ ದೇಹದ ಜೀವಕೋಶಗಳೂ ಹೀಗೇ ಸರಿಹೋಗಿ ರೋಗ ವಾಸಿಯಾಗುತ್ತದೆ ಎಂಬ ಸಾಲೂ ಕೆಲವೊಮ್ಮೆ ಅದರ ಜೊತೆಗಿರುತ್ತದೆ. ವಿಡಿಯೊದಲ್ಲಿ ಕಾಣುವುದು ನಿಜ. ಆ ಸಾಲು ನಿಜವಲ್ಲ. ಏಕೆಂದು ತಿಳಿಯಲು ಎರ್ನ್‌ಸ್ಟ್ ಕ್ಲಾಡ್ನಿ ಅವರ ಬದುಕನ್ನು ನೋಡೋಣ.

ಕ್ಲಾಡ್ನಿ 1756ರಲ್ಲಿ ಜರ್ಮನಿಯ ವಿಟೆನ್‌ಬರ್ಗ್‌ನಲ್ಲಿ ಹುಟ್ಟಿದರು. ತಂದೆ ಕಾನೂನು ಪ್ರಾಧ್ಯಾಪಕರು, ಬಲು ಕಟ್ಟುನಿಟ್ಟಿನವರು. ಅವರ ಇಚ್ಛೆಯಂತೆ ಮಗನೂ ಕಾನೂನು ಓದಿದರು. 1782ರಲ್ಲಿ ತಂದೆ ತೀರಿಕೊಂಡ ಮೇಲೆ ವಿಜ್ಞಾನದತ್ತ ತಿರುಗಿದರು.

ತೆಳುವಾದ ತಟ್ಟೆಯ ಮೇಲೆ ಮರಳು ಉದುರಿಸಿ, ಅಂಚಿಗೆ ಪಿಟೀಲಿನ ಕಮಾನು ಉಜ್ಜುವುದು ಅವರ ಪ್ರಯೋಗ. ತಟ್ಟೆ ನಡುಗುವ ಕಡೆಯಿಂದ ಮರಳು ಜಿಗಿದು, ನಡುಗದ ಗೆರೆಗಳಲ್ಲಿ ಸೇರಿಕೊಳ್ಳುತ್ತದೆ. ತಟ್ಟೆಯ ಆಕಾರ, ಅದನ್ನು ಹಿಡಿದ ಜಾಗ ಅಥವಾ ಕಂಪನದ ವೇಗ ಬದಲಾದರೆ ಚಿತ್ರವೂ ಬದಲಾಗುತ್ತದೆ. ಇದರಲ್ಲಿ ಪವಾಡವೇನೂ ಇಲ್ಲ. 1787ರಲ್ಲಿ ಅವರು ಈ ಚಿತ್ರಗಳನ್ನು ಪುಸ್ತಕವಾಗಿ ಪ್ರಕಟಿಸಿದರು.

ಅವರಿಗೆ ವಿಶ್ವವಿದ್ಯಾಲಯದ ಸಂಬಳದ ಹುದ್ದೆ ಸಿಗಲಿಲ್ಲ. ಊರೂರು ತಿರುಗಿ ಪ್ರಯೋಗ ತೋರಿಸಿ, ತಾವೇ ಕಂಡುಹಿಡಿದ ವಾದ್ಯ ನುಡಿಸಿ ಜೀವನ ಸಾಗಿಸಿದರು. ಕಲ್ಲುಗಳು ಬಾಹ್ಯಾಕಾಶದಿಂದ ಬೀಳುತ್ತವೆ ಎಂದು 1794ರಲ್ಲಿ ಬರೆದಾಗ ಹಲವರು ನಕ್ಕರು. 1803ರಲ್ಲಿ ಫ್ರಾನ್ಸಿನ ಲೆಗ್ಲ್ ಊರಿನ ಸುತ್ತ ಕಲ್ಲುಮಳೆಯೇ ಸುರಿದ ಮೇಲೆ ನಗು ನಿಂತಿತು.

1809ರಲ್ಲಿ ನೆಪೋಲಿಯನ್ ಎದುರು ಮರಳಿನ ಆಟ ತೋರಿಸಿದರು. ಅದರ ಹಿಂದಿನ ಗಣಿತ ವಿವರಿಸುವವರಿಗೆ ಪ್ಯಾರಿಸ್‌ನಲ್ಲಿ ಬಹುಮಾನ ಘೋಷಣೆಯಾಯಿತು. 1816ರಲ್ಲಿ ಅದನ್ನು ಗೆದ್ದವರು ಸೋಫಿ ಜರ್ಮೈನ್ ಎಂಬ ಮಹಿಳೆ. ಕ್ಲಾಡ್ನಿ 1827ರಲ್ಲಿ ತೀರಿಕೊಂಡರು.

ಶಬ್ದದಿಂದ ಕಣಗಳನ್ನು ಸಾಲಾಗಿ ನಿಲ್ಲಿಸುವ ಈ ವಿದ್ಯೆ ಈಗ ಜೀವಕೋಶಗಳವರೆಗೂ ಬಂದಿದೆ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಕಿವಿಗೆ ಕೇಳಿಸದ ಅಲ್ಟ್ರಾಸೌಂಡ್ ಅಲೆಗಳಿಂದ, ಇನ್ನೂ ಗಟ್ಟಿಯಾಗದ ಜೆಲ್‌ನಲ್ಲಿ ಜೀವಕೋಶಗಳನ್ನು ಪಟ್ಟಿಪಟ್ಟಿಯಾಗಿ ನಿಲ್ಲಿಸಿದರು. ಜೆಲ್ ಗಟ್ಟಿಯಾದಾಗ ಅವು ಅಲ್ಲೇ ಉಳಿದು, ರಕ್ತನಾಳಗಳಂಥ ಜಾಲ ಬೆಳೆಯಿತು. ಮುಂದೆ ಕೃತಕ ಅಂಗಾಂಶ ಬೆಳೆಸಲು ಇದು ನೆರವಾಗಬಹುದು.

ಆದರೆ ಇದು ಪ್ರಯೋಗಾಲಯದ ಕೆಲಸ. ಅಲ್ಲಿ ಜೀವಕೋಶಗಳು ಜೆಲ್‌ನಲ್ಲಿ ತೇಲುತ್ತಿರುತ್ತವೆ, ಹಾಗಾಗಿ ಸರಿಯುತ್ತವೆ. ನಮ್ಮ ದೇಹದಲ್ಲಿ ಅವು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮೊಬೈಲ್‌ನಲ್ಲಿ ಹಾಕಿದ ಸಂಗೀತ ಮನಸ್ಸಿಗೆ ಹಿತ ಕೊಡಬಹುದು, ಗಡ್ಡೆ ಕರಗಿಸುವುದಿಲ್ಲ. ಇಂಥ ಸಾಲು ನಂಬಿ ಯಾರೂ ಔಷಧಿ ನಿಲ್ಲಿಸಬೇಡಿ. ವಿಡಿಯೊ ಫಾರ್ವರ್ಡ್ ಮಾಡುವುದಾದರೆ ಆ ಸಾಲು ಅಳಿಸಿ, ಕ್ಲಾಡ್ನಿ ಹೆಸರು ಸೇರಿಸಿ.