ಗಡಿ ದಾಟಿ ಬಂದ ವ್ಯಾಪಾರಿ ಕಾಗದಗಳು

ಮಕ್ಕಳೇ, ವಿಜಯಪುರ ಎಂದೊಡನೆ ನಿಮಗೆ ಗೋಳಗುಮ್ಮಟ ನೆನಪಾಗುತ್ತದೆ. ಅದನ್ನು ಕಟ್ಟಿಸಿದ ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ನಮ್ಮ ಊರು ರಾಜಧಾನಿ. ಪಕ್ಕದ ಪೋರ್ಚುಗೀಸ್ ಗೋವಾ, ಗೋಲ್ಕೊಂಡ ಎಲ್ಲವೂ ಪರದೇಶ. ವಿಜಯಪುರದ ಆಳ್ವಿಕೆಯಲ್ಲಿದ್ದ ವೆಂಗುರ್ಲೆ ಬಂದರಿನಲ್ಲಿ 1637ರಲ್ಲಿ ಡಚ್ಚರು ಕೋಠಿ ತೆರೆದರು. ಮಳೆಗಾಲದಲ್ಲಿ ಹಡಗು ನಿಂತರೂ ವ್ಯಾಪಾರಿಗಳ ಕಾಗದ ನಿಲ್ಲುತ್ತಿರಲಿಲ್ಲ. ಕಾಲ್ನಡೆಯ ಓಲೆಕಾರರು ಘಟ್ಟ ಹತ್ತಿ, ಹೊಳೆ ದಾಟಿ ಒಯ್ಯುತ್ತಿದ್ದರು. ಯುರೋಪಿನವರು ಇವರನ್ನು ಪಟ್ಟಮಾರರೆಂದು ಕರೆದರು. ವಿಜಯಪುರದಿಂದ ತಿಕೋಟಾದ ಮೇಲೆ ಹಾದು ಹೋದರೆ ಸಿಗುವ ಅಥಣಿ ಆಗಲೇ ದೊಡ್ಡ ಪೇಟೆ.

ಆ ಕಾಲದ ಕಾಗದಗಳಲ್ಲಿ ನನಗೆ ಬಲು ಪ್ರಿಯವಾದದ್ದು ಹುಂಡಿ. ದೂರದ ಊರಿಗೆ ಹಣ ಹೊತ್ತೊಯ್ದರೆ ಕಳ್ಳರ ಭಯ. ಅದಕ್ಕೆ ಇಲ್ಲಿಯ ಸಾಹುಕಾರನಿಗೆ ಹಣ ಕೊಟ್ಟು ಒಂದು ಚೀಟಿ ಬರೆಸಿಕೊಳ್ಳುವುದು. ಅಲ್ಲಿಯ ಸಾಹುಕಾರ ಅದನ್ನು ನೋಡಿ ಹಣ ಎಣಿಸಿ ಕೊಡುವುದು. ತೋರಿಸಿದ ಕೂಡಲೇ ಹಣ ಸಿಕ್ಕರೆ ದರ್ಶನಿ ಹುಂಡಿ, ಗಡುವು ಮುಗಿದ ಮೇಲೆ ಸಿಕ್ಕರೆ ಮುದ್ದತಿ ಹುಂಡಿ. ಹುಂಡಿ ಕಳೆದುಹೋದರೆ ‘ಪೇಠ್’ ಎಂಬ ಎರಡನೆಯ ಪ್ರತಿ, ಅದೂ ಕಳೆದರೆ ‘ಪರ್‌ಪೇಠ್’. ಮುಖ ನೋಡದ ಇಬ್ಬರು ಬರೀ ಅಕ್ಷರ ನಂಬಿ ವ್ಯವಹಾರ ಮಾಡುತ್ತಿದ್ದರು!

ಮುಂದೆ ಇಂಗ್ಲಿಷರ ಕಾಲ. 1854ರಲ್ಲಿ ದೇಶಕ್ಕೆಲ್ಲ ಒಂದೇ ದರದ ಅಂಚೆಚೀಟಿ, 1879ರಲ್ಲಿ ಕಾಲಾಣೆಯ ಕಾರ್ಡು ಬಂದವು.

ಬಬಲೇಶ್ವರದಲ್ಲಿ ನಮ್ಮ ಮುತ್ತ್ಯಾನಿಗೆ ಸಾಂಗಲಿಯ ಅಡತಿ ಅಂಗಡಿಯಿಂದ ಕಾರ್ಡು ಬರುತ್ತಿದ್ದವು. ಮೊದಲ ಸಾಲಿನಲ್ಲಿ ಮನೆಮಂದಿಯ ಕ್ಷೇಮ, ಆಮೇಲೆ ಜೋಳದ ಧಾರಣಿ. ಓದಿದ ಮೇಲೆ ಅವನ್ನು ಗೋಡೆಯ ತಂತಿಗೆ ಚುಚ್ಚಿಡುತ್ತಿದ್ದರು. ಆಯಿಗೆ ಓದು ಬರುತ್ತಿರಲಿಲ್ಲ. ಆದರೂ ಮೂಲೆಗೆ ಅರಿಷಿಣ ಹಚ್ಚಿದ್ದರೆ ಶುಭಕಾರ್ಯ, ಮೂಲೆ ಹರಿದಿದ್ದರೆ ಸಾವು ಎಂದು ಕೈಗೆ ಬಂದೊಡನೆ ತಿಳಿಯುತ್ತಿದ್ದಳು.

ತಾಯಿ-ತಂದೆಯರೇ, ನಮ್ಮ ಮಕ್ಕಳು ವಿಡಿಯೋ ಕಾಲ್‌ನಲ್ಲಿ ಆಯಿಯ ಮುಖ ನೋಡುತ್ತಾರೆ, ಆದರೆ ಅವಳ ಹೆಸರನ್ನು ಕನ್ನಡದಲ್ಲಿ ಬರೆಯಲು ತಡವರಿಸುತ್ತಾರೆ. ಕನ್ನಡ ಬರೆಯಲು ಕಲಿಸುವುದನ್ನು ನಾವು ಇನ್ನೂ ಮುಂದಕ್ಕೆ ಹಾಕಬಾರದು. ಈ ಸಲ ಊರಿಗೆ ಹೋದಾಗ ಟ್ರಂಕಿನಲ್ಲಿರುವ ಹಳೆಯ ಕಾರ್ಡುಗಳನ್ನು ರದ್ದಿಗೆ ಹಾಕಗೊಡಬೇಡಿ. ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ಗಟ್ಟಿಯಾಗಿ ಓದಿರಿ.

ಮಕ್ಕಳೇ, ನೀವೂ ಈ ತಿಂಗಳು ಊರಿಗೆ ಒಂದು ಪತ್ರ ಬರೆಯಿರಿ. ನಾಲ್ಕೇ ಸಾಲು ಸಾಕು. ತಪ್ಪಾದರೂ ಅಡ್ಡಿಯಿಲ್ಲ, ಕನ್ನಡದಲ್ಲೇ ಇರಲಿ. ಲಕೋಟೆಯ ಮೇಲೆ ಪಿನ್‌ಕೋಡ್ ಮರೆಯಬೇಡಿ, ದೇಶದ ಹೆಸರನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆಯಿರಿ.