ಹಂಗಳದ ಅರಸು, ಮೈಸೂರಿನ ಅಂಚೆ, ನಮ್ಮ ಮೆಸೇಜ್ ಕ್ಯೂ

ಈ ಸಂಚಿಕೆಗೆ ಒಬ್ಬ ಮಹನೀಯರ ಜೀವನದ ಬಗ್ಗೆ ಬರೀರಿ ಅಂತ ಸಂಘದವರು ಕೇಳಿದಾಗ ನಾವು ನಾಲ್ಕು ಜನ ಮಿನಿ ಪ್ರಾಜೆಕ್ಟ್‌ನಲ್ಲಿ ಮುಳುಗಿದ್ವಿ. ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಕನ್ನಡದಲ್ಲಿ ಇಷ್ಟುದ್ದ ಬರೆದು ಅಭ್ಯಾಸ ಇಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ. ನಾವು ಆರಿಸಿಕೊಂಡಿರುವುದು ಚಿಕ್ಕದೇವರಾಜ ಒಡೆಯರನ್ನ. ಯಾಕೆ ಅಂತ ಹೇಳೋಕೆ ಮೊದಲು ಪ್ರಾಜೆಕ್ಟ್ ಕಥೆ ಹೇಳಬೇಕು.

ನಮ್ಮಲ್ಲಿ ಇಬ್ಬರದು ಚಾಮರಾಜನಗರ, ಒಬ್ಬನದು ಗುಂಡ್ಲುಪೇಟೆ. ಅರಿಶಿನ, ಸಣ್ಣ ಈರುಳ್ಳಿ, ಚೆಂಡು ಹೂವು ಬೆಳೆಯುವ ಊರುಗಳು. ದಿನದ ರೇಟು ರೈತರ ಮೊಬೈಲಿಗೆ ಹೋಗುವ ಒಂದು ಆ್ಯಪ್ ಮಾಡಿದ್ವಿ. ಮೊದಲು ರೇಟು ಹಾಕಿದ ತಕ್ಷಣ ಅಪ್ಲಿಕೇಶನ್ ಸರ್ವರ್ರೇ ಒಬ್ಬೊಬ್ಬರಿಗೂ ಮೆಸೇಜ್ ಕಳಿಸ್ತಾ ಕೂರುತ್ತಿತ್ತು. ಕೊನೆಯವರಿಗೆ ಹೋಗುವವರೆಗೂ ಪೇಜ್ ಸುತ್ತುತ್ತಾನೇ ಇರೋದು. ಮಧ್ಯೆ ಒಂದು ಮೆಸೇಜ್ ಕ್ಯೂ ಇಡಿ ಅಂತ ನಮ್ಮ ಗೈಡ್ ಹೇಳಿದರು. ಸರ್ವರ್ ಚೀಟಿ ಬರೆದು ಕ್ಯೂಗೆ ಹಾಕಿ ತನ್ನ ಕೆಲಸಕ್ಕೆ ಹೋಗುತ್ತೆ, ಬೇರೆ ಒಂದು ಪ್ರೋಗ್ರಾಂ ಆ ಚೀಟಿಗಳನ್ನ ಒಂದೊಂದಾಗಿ ತಗೊಂಡು ಹಂಚುತ್ತೆ. ಅಷ್ಟೇ ವಿಷಯ.

ರ್‍ಯಾಬಿಟ್‌ಎಂಕ್ಯೂ ಹಾಕಿದ್ವಿ. ಅದನ್ನ ಬರೆದಿರುವುದು ಎರ್ಲಾಂಗ್ ಭಾಷೆಯಲ್ಲಿ, ಹಾಗಾಗಿ ಮೊದಲು ಎರ್ಲಾಂಗ್ ಬೇಕು, ಅದೂ ಹೊಂದುವ ವರ್ಷನ್ನೇ ಬೇಕು. ಒಂದು ಸಂಜೆ ಅದಕ್ಕೇ ಹೋಯ್ತು. ಆಮೇಲೆ 5672 ಪೋರ್ಟ್ ತೆಗೆದ್ವಿ, ಕಣ್ಣಾರೆ ನೋಡೋಕೆ 15672ರಲ್ಲಿ ಮ್ಯಾನೇಜ್‌ಮೆಂಟ್ ಪ್ಲಗಿನ್ ಹಚ್ಚಿದ್ವಿ. ಗೆಸ್ಟ್ ಅನ್ನೋ ಯೂಸರ್ ಅದೇ ಮಷೀನಿಂದ ಮಾತ್ರ ಒಳಗೆ ಬರಬಹುದು ಅಂತ ಗೊತ್ತಿಲ್ಲದೆ ಇನ್ನೊಂದು ಸಂಜೆ ತಲೆ ಕೆಡಿಸಿಕೊಂಡ್ವಿ. ಕೊನೆಗೆ ಬೇರೆ ಯೂಸರ್ ಮಾಡಿ ಪರ್ಮಿಷನ್ ಕೊಟ್ಟ ಮೇಲೆ ಎಲ್ಲಾ ಓಡಿತು. ನಾವು ಕುಣಿದಾಡಿದ್ವಿ.

ಅದೇ ವಾರ ಹಾಸ್ಟೆಲ್‌ನಲ್ಲಿ ಕರೆಂಟ್ ಹೋಗಿ ಮಷೀನ್ ಆಫ್ ಆಯ್ತು. ಮತ್ತೆ ಆನ್ ಮಾಡಿದಾಗ ಕ್ಯೂನೂ ಇಲ್ಲ, ಅದರಲ್ಲಿದ್ದ ಮೆಸೇಜೂ ಇಲ್ಲ. ನಾವು ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಗುಂಡ್ಲುಪೇಟೆ ಹುಡುಗನ ಮಾವ ಆವತ್ತು ನಮ್ಮ ಮೆಸೇಜಿಗೆ ಮಧ್ಯಾಹ್ನದವರೆಗೂ ಕಾದಿದ್ದಾರೆ. ಬರಲಿಲ್ಲ ಅಂತ ಅರಿಶಿನವನ್ನ ಮನೆ ಬಾಗಿಲಿಗೆ ಬಂದವನಿಗೆ ಹಿಂದಿನ ವಾರದ ರೇಟಿಗೇ ಕೊಟ್ಟುಬಿಟ್ಟಿದ್ದಾರೆ. ಆವತ್ತು ರೇಟು ಏರಿತ್ತು.

ಮುಂದಿನ ಭಾನುವಾರ ಮುಖ ತೋರಿಸೋಕೂ ನಾಚಿಕೆಪಟ್ಟುಕೊಂಡು ಅವರ ಮನೆಗೆ ಹೋದ್ವಿ. ಮಾವ ಬೈಯಲಿಲ್ಲ. ಊಟ ಹಾಕಿಸಿ, ಊರಿನ ಹಳೆಯ ಪರವಾಸುದೇವ ದೇವಸ್ಥಾನಕ್ಕೆ ಕರ್ಕೊಂಡು ಹೋದರು. ಇದನ್ನ ಕಟ್ಟಿಸಿದ ದೊರೆನೇ ನಮ್ಮ ಸೀಮೆಗೆ ಅಂಚೆ ತಂದದ್ದು, ಮೊದಲು ಅವರನ್ನ ಓದಿಕೊಂಡು ಆಮೇಲೆ ನಿಮ್ಮ ಆ್ಯಪ್ ಸರಿಮಾಡಿ ಅಂದರು. ಹಾಗೆ ಓದಿದ್ದನ್ನೇ ಇಲ್ಲಿ ಬರೀತಿದ್ದೀವಿ.

ಚಿಕ್ಕದೇವರಾಜರು ಹುಟ್ಟಿದ್ದು 1645ರಲ್ಲಿ. ಅರಮನೆಯ ಹುಡುಗ ಅಂದ ಮಾತ್ರಕ್ಕೆ ಸುಖವಾಗಿ ಬೆಳೆದರು ಅಂದುಕೊಳ್ಳಬೇಡಿ. ಪಟ್ಟ ಚಿಕ್ಕಪ್ಪನ ಕೈಯಲ್ಲಿತ್ತು. ಇವರನ್ನ ಕಾವಲು ಹಾಕಿ ಗುಂಡ್ಲುಪೇಟೆ ಹತ್ತಿರದ ಹಂಗಳದಲ್ಲಿ ಇರಿಸಿದ್ದರು. ಊಟಿಗೆ ಹೋಗುವಾಗ ಗುಂಡ್ಲುಪೇಟೆ ದಾಟಿ, ಬಂಡೀಪುರ ಕಾಡು ಸಿಗೋಕೆ ಮುಂಚೆ ಬರುತ್ತಲ್ಲ, ಅದೇ ಹಂಗಳ. ರಾಜಧಾನಿ ಶ್ರೀರಂಗಪಟ್ಟಣ ಅಲ್ಲಿಂದ ಎಪ್ಪತ್ತು ಎಂಬತ್ತು ಕಿಲೋಮೀಟರ್. ಅಲ್ಲಿ ಏನು ನಡೀತಿದೆ ಅಂತ ತಿಳಿಯೋಕೆ ಯಾರಾದರೂ ಬಂದು ಹೇಳಿದರೇನೇ ಉಂಟು. ಮುಂದೆ ಇವರು ಸುದ್ದಿ ಸಾಗಿಸುವ ಕೆಲಸಕ್ಕೆ ಅಷ್ಟು ಬೆಲೆ ಕೊಡೋಕೆ ಹಂಗಳದ ದಿನಗಳೇ ಕಾರಣ ಇರಬೇಕು ಅಂತ ನಮ್ಮ ಊಹೆ.

ಆ ಕಾಲದ ಗೆಳೆಯರು ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತರು. ಅವರೂ ನಮ್ಮ ಜಿಲ್ಲೆಯವರೇ. 1673ರಲ್ಲಿ ಚಿಕ್ಕದೇವರಾಜರಿಗೆ ಪಟ್ಟವಾದ ಮೇಲೆ ಪಂಡಿತರು ಮಂತ್ರಿ ಆದರು. ತಂದೆಯ ನೆನಪಿಗೆ ಅರಸರು ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಸ್ಥಾನ ಕಟ್ಟಿಸಿದರು. ವಿಜಯಪುರ ಅಂತ ಇದ್ದ ಊರಿಗೆ ಹೊಸ ಪೇಟೆ ಬಂದದ್ದೂ ಇವರಿಂದಲೇ.

ಈಗ ಅಂಚೆ ವಿಷಯ. ರಾಜ್ಯದ ಉದ್ದಕ್ಕೂ ಅಂಚೆ ಮನೆಗಳು, ಒಂದರಿಂದ ಇನ್ನೊಂದಕ್ಕೆ ಓಲೆ ಹೊತ್ತು ಓಡುವ ಹರಿಕಾರರು. ಓಲೆ ಕೊಟ್ಟ ಅಧಿಕಾರಿ ಅದು ತಲುಪುವವರೆಗೂ ಕಾಯುತ್ತಾ ಕೂರಬೇಕಿಲ್ಲ. ನಮ್ಮ ಸರ್ವರಿಗೆ ಬೇಕಾಗಿದ್ದೂ ಇದೇ ತಾನೆ! ಮೈಸೂರು ಅಂಚೆ ಶುರುವಾದ ವರ್ಷ 1672 ಅಂತ ಎಷ್ಟೋ ಕಡೆ ಬರೆದಿದ್ದಾರೆ. ಪಟ್ಟಾಭಿಷೇಕ 1673. ಚರಿತ್ರೆಯಲ್ಲೂ ಆಫ್ ಬೈ ಒನ್ ಎರರ್ ಇರುತ್ತೆ ಅಂತ ನಮಗೆ ಸಮಾಧಾನ ಆಯ್ತು. ಹೈದರಾಲಿ ಕಾಲ, ಒಡೆಯರ ಕಾಲ ಎಲ್ಲಾ ದಾಟಿ ಈ ಅಂಚೆ ಎರಡು ಶತಮಾನಕ್ಕೂ ಹೆಚ್ಚು ನಡೆದು, 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆ ಇಲಾಖೆಯಲ್ಲಿ ಸೇರಿಹೋಯಿತು.

ಆದರೆ ಅಂಚೆಗೆ ಇನ್ನೊಂದು ಕೆಲಸವೂ ಇತ್ತು. ಅಂಚೆಯವರು ತಮ್ಮ ಸುತ್ತಮುತ್ತ ನಡೆದದ್ದನ್ನ ಗುಟ್ಟಾಗಿ ಅರಸರಿಗೆ ತಿಳಿಸಬೇಕಿತ್ತು. ಅಂದರೆ ಟಪಾಲು ಮತ್ತು ಬೇಹುಗಾರಿಕೆ ಎರಡೂ ಒಂದೇ ಚೀಲದಲ್ಲಿ. ಅರಸರ ಕೊನೆಯ ವರ್ಷಗಳಲ್ಲಿ ಆಡಳಿತವನ್ನ ಹದಿನೆಂಟು ಚಾವಡಿಗಳಾಗಿ ಹಂಚಿದರು, ಅಠಾರಾ ಕಚೇರಿ ಅಂತಾರೆ. ಔರಂಗಜೇಬನ ದರ್ಬಾರಿಗೆ ಹೋಗಿದ್ದ ನಿಯೋಗ 1700ರಲ್ಲಿ ವಾಪಸ್ ಬಂದ ಮೇಲೆ ಆದ ಏರ್ಪಾಡು ಇದು. ಆಜ್ಞೆ, ಪತ್ರಗಳಿಗೆ ನಿರೂಪದ ಚಾವಡಿ, ಲೆಕ್ಕಕ್ಕೆ ಆಯಕಟ್ಟಿನ ಚಾವಡಿ, ಸುಂಕಕ್ಕೆ ಸುಂಕದ ಚಾವಡಿ, ಅರಮನೆಯ ಹಸುಗಳಿಗೆ ಬೆಣ್ಣೆ ಚಾವಡಿ, ಅಂಚೆ ಮತ್ತು ಗೂಢಚಾರರಿಗೆ ಬೇಹಿನ ಚಾವಡಿ. ಯಾವ ಓಲೆ ಯಾವ ಚಾವಡಿಗೆ ಅಂತ ಗೊತ್ತಿದ್ದರೆ ಗೊಂದಲವೇ ಇಲ್ಲ. ರ್‍ಯಾಬಿಟ್‌ಎಂಕ್ಯೂನಲ್ಲಿ ಎಕ್ಸ್‌ಚೇಂಜ್ ಅಂತ ಒಂದಿದೆ, ಚೀಟಿ ಮೇಲಿನ ರೂಟಿಂಗ್ ಕೀ ನೋಡಿ ಸರಿಯಾದ ಕ್ಯೂಗೆ ಹಾಕುತ್ತೆ. ನಮ್ಮ ಪ್ರಾಜೆಕ್ಟ್‌ನಲ್ಲಿ ಈಗ ಅರಿಶಿನಕ್ಕೊಂದು, ಈರುಳ್ಳಿಗೊಂದು, ಹೂವಿಗೊಂದು ಚಾವಡಿ ಇದೆ.

ಒಳ್ಳೆಯ ಕೆಲಸಗಳ ಪಟ್ಟಿ ಇನ್ನೂ ಇದೆ. ಮೊಗಲರ ಸರದಾರ ಕಾಸಿಂ ಖಾನನಿಂದ ಮೂರು ಲಕ್ಷ ರೂಪಾಯಿಗೆ ಬೆಂಗಳೂರನ್ನ ಪಡೆದುಕೊಂಡರು. ಇವರ ಹೆಸರಿನ ಕಾವೇರಿ ನಾಲೆ ಇವತ್ತಿಗೂ ಮಂಡ್ಯ ಸೀಮೆಯ ಗದ್ದೆಗಳಿಗೆ ನೀರು ಕೊಡ್ತಿದೆ. ಯಳಂದೂರಿನಿಂದ ರಾಣಿಯ ಜೊತೆ ಬಂದು ಅರಮನೆಯಲ್ಲಿ ಎಲೆ ಅಡಿಕೆ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ, ಇವರ ಆಸ್ಥಾನದಲ್ಲೇ ಹದಿಬದೆಯ ಧರ್ಮ ಬರೆದರು. ಕೆಲಸದ ಹೆಣ್ಣುಮಗಳು ಬರೆದದ್ದನ್ನ ಆಸ್ಥಾನ ಕೇಳಿಸಿಕೊಂಡಿತು ಅನ್ನೋದು ನಮಗೆ ತುಂಬಾ ಇಷ್ಟವಾದ ವಿಷಯ.

ಆದರೆ ರೈತರ ಮಾತನ್ನ ಹಾಗೆ ಕೇಳಿಸಿಕೊಳ್ಳಲಿಲ್ಲ. ಇದನ್ನ ಬಿಟ್ಟು ಬರೆಯೋದು ಸರಿಯಲ್ಲ. ಪ್ರತಿದಿನ ಎರಡು ಸಾವಿರ ವರಹ ಬೊಕ್ಕಸಕ್ಕೆ ಬೀಳದೆ ಅರಸರು ಊಟ ಮಾಡುತ್ತಿರಲಿಲ್ಲ ಅನ್ನೋ ಪ್ರತೀತಿ ಇದೆ. ನವಕೋಟಿ ನಾರಾಯಣ ಅನ್ನೋ ಹೆಸರು ಸುಮ್ಮನೆ ಬಂದಿದ್ದಲ್ಲ. ಹೊಸ ಹೊಸ ತೆರಿಗೆ ಬಿದ್ದಾಗ ರೈತರು ಎದ್ದರು, ಜಂಗಮರು ಅವರ ಜೊತೆ ನಿಂತರು. ಉಳುವುದಿಲ್ಲ ಅಂತ ತೋರಿಸೋಕೆ ನೇಗಿಲುಗಳನ್ನ ಮರಕ್ಕೆ ತಲೆಕೆಳಗಾಗಿ ಕಟ್ಟಿದ್ದರಂತೆ. ದಂಗೆಯನ್ನ ಕ್ರೂರವಾಗಿ ಅಡಗಿಸಲಾಯಿತು. ನಂಜನಗೂಡಿಗೆ ಜಂಗಮರನ್ನ ಕರೆಸಿ ನಾನೂರು ಜನರನ್ನ ಕೊಲ್ಲಿಸಿದರು ಅಂತ ವಿಲ್ಕ್ಸ್ ಬರೆದಿದ್ದಾನೆ. ಅವನು ಬರೆದದ್ದು ನೂರಕ್ಕೂ ಹೆಚ್ಚು ವರ್ಷ ಆದ ಮೇಲೆ, ಅದನ್ನ ಒಪ್ಪದ ಇತಿಹಾಸಕಾರರೂ ಇದ್ದಾರೆ. ಆ ಸಿಟ್ಟಿನ ಕಾಲದಲ್ಲೇ ವಿಶಾಲಾಕ್ಷ ಪಂಡಿತರ ಕೊಲೆಯಾಯಿತು. ಅವರ ಜಾಗಕ್ಕೆ ತಿರುಮಲಾರ್ಯರು ಬಂದರು.

ಇದನ್ನ ಓದಿ ನಾವು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ವಿ. ಮೂಲೆ ಮೂಲೆಯಿಂದ ಸುದ್ದಿ ತರುವ ಅಂಚೆ ಇದ್ದ ರಾಜ್ಯ ಅದು. ರೈತರ ಕಷ್ಟ ಅರಸರಿಗೆ ತಲುಪಿರಲಿಲ್ಲ ಅನ್ನೋಕೆ ಆಗಲ್ಲ. ತಲುಪಿದ ಮೇಲೆ ಏನು ಮಾಡಿದರು ಅನ್ನೋದು ಪ್ರಶ್ನೆ. ನಮ್ಮ ಪ್ರೋಗ್ರಾಂ ಕೂಡ ಅದೇ ತಪ್ಪು ಮಾಡ್ತಿತ್ತು. ಅದರಲ್ಲಿ ಆಟೋ ಅಕ್ನಾಲೆಡ್ಜ್ ಹಾಕಿದ್ವಿ. ಅಂದರೆ ಕ್ಯೂನಿಂದ ಚೀಟಿ ಹೊರಟ ತಕ್ಷಣ ಕೆಲಸ ಮುಗೀತು ಅಂತ ಲೆಕ್ಕ, ರೈತರ ಫೋನಿಗೆ ಹೋಯ್ತೋ ಇಲ್ವೋ ಕೇಳೋರಿಲ್ಲ.

ಈಗ ಮೂರು ಬದಲಾವಣೆ ಮಾಡಿದ್ದೀವಿ. ಒಂದು, ಕ್ಯೂವನ್ನ ಡ್ಯೂರಬಲ್ ಮಾಡಿದ್ವಿ, ಮಷೀನ್ ಆಫ್ ಆಗಿ ಆನ್ ಆದರೂ ಅದು ಇರುತ್ತೆ. ಎರಡು, ಮೆಸೇಜನ್ನೂ ಪರ್ಸಿಸ್ಟೆಂಟ್ ಮಾಡಿದ್ವಿ. ಬರೀ ಕ್ಯೂ ಉಳಿದು ಒಳಗಿನ ಚೀಟಿ ಹೋದರೆ ಏನು ಬಂತು? ಮೂರು, ಮೆಸೇಜ್ ನಿಜವಾಗಿ ಕಳಿಸಿ ಆದ ಮೇಲೇ ಪ್ರೋಗ್ರಾಂ ಕ್ಯೂಗೆ ಅಕ್ನಾಲೆಡ್ಜ್ ಕೊಡಬೇಕು. ಮಧ್ಯದಲ್ಲಿ ಅದು ಸತ್ತರೆ ಚೀಟಿ ವಾಪಸ್ ಕ್ಯೂಗೆ ಬರುತ್ತೆ, ಇನ್ನೊಬ್ಬ ಹರಿಕಾರ ಎತ್ತಿಕೊಳ್ಳುತ್ತಾನೆ. ಇದರಿಂದ ಒಂದೊಂದು ಸಲ ಒಂದೇ ಮೆಸೇಜ್ ಎರಡು ಸಲ ಹೋಗುತ್ತೆ. ಹೋಗದೇ ಇರೋದಕ್ಕಿಂತ ಅದೇ ವಾಸಿ.

ಚಿಕ್ಕದೇವರಾಜರು 1704ರ ನವೆಂಬರ್ 16ರಂದು ತೀರಿಕೊಂಡರು. ಮಾತು ಬಾರದ, ಕಿವಿ ಕೇಳದ ಮಗ ಕಂಠೀರವ ನರಸರಾಜರು ಪಟ್ಟಕ್ಕೆ ಬಂದರು. ತಂದೆಯ ಮಂತ್ರಿ, ತಂದೆಯ ಚಾವಡಿಗಳು ರಾಜ್ಯ ನಡೆಸಿಕೊಂಡು ಹೋದವು. ಗಟ್ಟಿಯಾಗಿ ಕಟ್ಟಿದ ವ್ಯವಸ್ಥೆ ಕಟ್ಟಿದವರು ಹೋದ ಮೇಲೂ ನಡೆಯುತ್ತೆ, ಅವರ ಒಳ್ಳೆಯದನ್ನೂ ತಪ್ಪನ್ನೂ ಹೊತ್ತುಕೊಂಡು.

ಮುಂದಿನ ಸಲ ಊಟಿ ಟ್ರಿಪ್ ಹೋಗುವಾಗ ಗುಂಡ್ಲುಪೇಟೆಯಲ್ಲಿ ಬರೀ ಚೆಂಡು ಹೂವಿನ ಹೊಲದಲ್ಲಿ ಫೋಟೋ ತೆಗೆದುಕೊಂಡು ಹೊರಡಬೇಡಿ. ಪರವಾಸುದೇವ ದೇವಸ್ಥಾನ ನೋಡಿ, ಹಂಗಳದಲ್ಲಿ ಒಂದು ಟೀ ಕುಡೀರಿ. ಮಾವ ಈಗಲೂ ನಮ್ಮ ಮೆಸೇಜಿಗೆ ಕಾಯ್ತಾರೆ, ಬಂದ ಮೇಲೆ ಬಂತು ಅಂತ ಫೋನ್ ಮಾಡ್ತಾರೆ. ನಮ್ಮ ಸಿಸ್ಟಂನಲ್ಲಿ ನಾವು ಪೂರ್ತಿ ನಂಬುವ ಅಕ್ನಾಲೆಡ್ಜ್ ಸದ್ಯಕ್ಕೆ ಅದೊಂದೇ.